ಬಸ್ಸು ಕಾಯುವ 11 ಸೆಂಟು: ಅಂಗಡಿ ಸಾಲಿನ ಮುಂದಿನ ಜಾಗವನ್ನು ನಾವು ಮತ್ತೆ ಕಟ್ಟಿದ ಬಗೆ

ವಿರಾಜಪೇಟೆ ತಾಲ್ಲೂಕಿನ ನಮ್ಮ ಸಣ್ಣ ಪೇಟೆಯಲ್ಲಿ ಅಂಗಡಿ ಸಾಲಿಗೂ ಮುಖ್ಯರಸ್ತೆಗೂ ನಡುವೆ 120 ಅಡಿ ಉದ್ದ, 40 ಅಡಿ ಅಗಲದ ಒಂದು ಇಳಿಜಾರು ಜಾಗವಿದೆ. ಲೆಕ್ಕ ಹಾಕಿದರೆ ಸರಿಯಾಗಿ 11 ಸೆಂಟು. ಹಳೆಯ ದಾಖಲೆಯಲ್ಲಿ ಪೈಸಾರಿ (ಸರ್ಕಾರಿ ಜಮೀನು) ಎಂದಿರುವ ಈ ತುಂಡು ಈಗ ಪಂಚಾಯಿತಿಯ ಸ್ವಾಧೀನದಲ್ಲಿದೆ. ಎಂದೋ ಯಾರೋ ನೆಟ್ಟ ಒಂದು ನೇರಳೆ ಮರ, ಮುರಿದ ಎರಡು ಸಿಮೆಂಟು ಬೆಂಚು, ಆಳೆತ್ತರ ಬೆಳೆದ ಲಂಟಾನ, ಅದರ ಬುಡದಲ್ಲಿ ಬೇಕರಿಯ ಪ್ಲಾಸ್ಟಿಕ್ಕು, ಹೋಟೆಲಿನ ಹಸಿ ಕಸ ಇಷ್ಟೇ ಅಲ್ಲಿದ್ದದ್ದು. ಈ ಸಾಲಿನಲ್ಲಿ ನನ್ನದು ಜೆರಾಕ್ಸ್ ಮತ್ತು ಲೇಖನ ಸಾಮಗ್ರಿಯ ಅಂಗಡಿ. ಕೆಲಸದ ಲೆಕ್ಕಪುಸ್ತಕ ಬರೆಯುವ ಹೊಣೆಯನ್ನು ನನಗೆ ವಹಿಸಿದ್ದರಿಂದ ಒಂದು ನವೆಂಬರಿನಿಂದ ಮುಂದಿನ ಸೆಪ್ಟೆಂಬರಿನವರೆಗೆ ನಡೆದದ್ದು ನನ್ನ ಬಳಿ ದಿನವಾರು ದಾಖಲಾಗಿದೆ. ಅದರಲ್ಲಿ ಬೇರೆಯವರಿಗೆ ಉಪಯೋಗವಾಗಬಹುದಾದ ಭಾಗಗಳನ್ನು, ನಮ್ಮ ತಪ್ಪುಗಳನ್ನೂ ಸೇರಿಸಿ, ಇಲ್ಲಿ ಬರೆದಿದ್ದೇನೆ.

ಮೊದಲನೆಯ ನಕ್ಷೆ

ನವೆಂಬರಿನ ಮೊದಲ ಸಭೆಗೆ ಒಂಬತ್ತು ಮಂದಿ ಬಂದಿದ್ದರು. ಎಲ್ಲರೂ ಗಂಡಸರು, ಎಲ್ಲರೂ ಅಂಗಡಿಯವರು ಅಥವಾ ಕಟ್ಟಡದ ಮಾಲೀಕರು. ಒಂದು ಗಂಟೆಯೊಳಗೆ ನಕ್ಷೆ ಸಿದ್ಧವಾಯಿತು: ರಸ್ತೆಯಿಂದ ಅಂಗಡಿಗಳಿಗೆ ನೇರವಾಗಿ ಹತ್ತುವ ಅಗಲವಾದ ಮೆಟ್ಟಿಲು, ಮೆಟ್ಟಿಲ ಎರಡೂ ಬದಿಯಲ್ಲಿ ಹುಲ್ಲುಹಾಸು, ನಡುವೆ ಕಾರಂಜಿ, ಅಂಚಿಗೆ ಬಣ್ಣ ಬಳಿದ ಇಂಟರ್‌ಲಾಕ್ ಕಲ್ಲು, ಸುತ್ತ ಕಬ್ಬಿಣದ ಬೇಲಿ. ಅದನ್ನು ಬರೆದವನು ನಾನೇ. ಈಗ ಆ ಹಾಳೆಯನ್ನು ನೋಡಿದರೆ ರೆಸಾರ್ಟೊಂದರ ಮುಂಬಾಗಿಲನ್ನು ಬರೆದಂತಿದೆ. ದಾರಿಯಲ್ಲಿ ಹೋಗುವವರು ಕಾರಿನಿಂದ ನೋಡಿ ಮೆಚ್ಚಿಕೊಳ್ಳಲಿ ಎಂಬುದನ್ನು ಬಿಟ್ಟು ಅದರಲ್ಲಿ ಬೇರೆ ಉದ್ದೇಶವೇ ಇರಲಿಲ್ಲ.

ಆ ನಕ್ಷೆಯನ್ನು ಮೊದಲು ಪ್ರಶ್ನಿಸಿದವರು ಬೇಕರಿ ನಡೆಸುವ ಅಕ್ಕ. "ಇಲ್ಲಿ ದಿನಾ ಕೂರುವವರು ಯಾರು ಅಂತ ನೀವು ಯಾರಾದರೂ ಎಣಿಸಿ ನೋಡಿದ್ದೀರಾ?" ಎಂದು ಅವರು ಕೇಳಿದಾಗ ಯಾರ ಬಳಿಯೂ ಉತ್ತರವಿರಲಿಲ್ಲ. ಪ್ರೌಢಶಾಲೆಯ ಇಬ್ಬರು ಹುಡುಗಿಯರಿಗೆ ಪುಸ್ತಕ, ಪೆನ್ಸಿಲು ಕೊಟ್ಟು ಒಂದು ಸಂತೆಯ ದಿನ ಮತ್ತು ಒಂದು ಸಾಮಾನ್ಯ ದಿನ, ಬೆಳಿಗ್ಗೆ 8ರಿಂದ ಸಂಜೆ 5ರವರೆಗೆ, ಗಂಟೆಗೊಮ್ಮೆ ಆ ಜಾಗದಲ್ಲಿ ಯಾರಿದ್ದಾರೆ, ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ ಎಂದು ಬರೆದುಕೊಳ್ಳಲು ಹೇಳಿದೆವು. ಇಡೀ ಯೋಜನೆಯಲ್ಲಿ ಕಡಿಮೆ ಖರ್ಚಿನದೂ ಹೆಚ್ಚು ಫಲ ಕೊಟ್ಟದ್ದೂ ಇದೇ ಕೆಲಸ.

ಆ ಪುಸ್ತಕದಿಂದ ತಿಳಿದದ್ದು ಇಷ್ಟು. ಅಲ್ಲಿ ಇರುವವರಲ್ಲಿ ಬಹುಪಾಲು ಜನ ವಿಹಾರಕ್ಕೆ ಬಂದವರಲ್ಲ, ಕಾಯುತ್ತಿರುವವರು. ಸಂತೆ ಮುಗಿಸಿ ತೋಟದ ಲೈನ್‌ಮನೆಗಳಿಗೆ ಹಿಂತಿರುಗುವ ಕಾರ್ಮಿಕ ಹೆಂಗಸರು ಜೀಪಿಗಾಗಿ, ಕಾಲೇಜಿನ ಮಕ್ಕಳು ಬಸ್ಸಿಗಾಗಿ, ಔಷಧಿ ಅಂಗಡಿಗೆ ಬಂದ ವೃದ್ಧರು ಮಗನಿಗೋ ಆಟೋಗೋ ಕಾಯುತ್ತಿದ್ದರು. ಕಾಯುವವರು ಬೆಂಚುಗಳ ಬಳಿ ಇರಲಿಲ್ಲ. ಬೆಂಚುಗಳು ರಸ್ತೆಗೆ ಬೆನ್ನು ಹಾಕಿದ್ದರಿಂದ ಬರುವ ಬಸ್ಸು ಅಲ್ಲಿಂದ ಕಾಣುತ್ತಿರಲಿಲ್ಲ. ಎಲ್ಲರೂ ನಿಲ್ದಾಣದ ಮೂಲೆಯಲ್ಲಿ, ಚರಂಡಿಯ ಅಂಚಿನಲ್ಲಿ ನಿಲ್ಲುತ್ತಿದ್ದರು. ಮೂಟೆ ಹೊತ್ತ ಹೆಂಗಸರು ಮೂಟೆಯನ್ನು ಕೆಳಗೆ ಇಳಿಸುತ್ತಲೇ ಇರಲಿಲ್ಲ ಎಂಬುದನ್ನೂ ಹುಡುಗಿಯರು ಗಮನಿಸಿ ಬರೆದಿದ್ದರು. ಕಾರಣ ಕೇಳಿದಾಗ ಒಬ್ಬಾಕೆ, "ಇಳಿಸಿದರೆ ತಿರುಗಿ ತಲೆಗೆ ಎತ್ತಿಕೊಡೋಕೆ ಯಾರು ಬರ್ತಾರೆ ಮಗಾ?" ಎಂದಿದ್ದರಂತೆ. ಹಳೆಯ ದಾರಿಗಳಲ್ಲಿ ಹೊರೆ ಇಳಿಸಲೆಂದೇ ಎರಡು ಕಂಬದ ಮೇಲೆ ಅಡ್ಡ ಚಪ್ಪಡಿ ನಿಲ್ಲಿಸುತ್ತಿದ್ದುದು ನನಗೆ ನೆನಪಾದದ್ದು ಆಗಲೇ. ಕಾರಂಜಿಯ ಮೇಲೆ ಗೀಟು ಎಳೆದು ಅದರ ಪಕ್ಕದಲ್ಲಿ "ಹೊರೆಗಲ್ಲು" ಎಂದು ಬರೆದುಕೊಂಡೆ.

ಕಾಲುದಾರಿಯ ಇಳಿಜಾರು

ಎರಡನೆಯ ಸಭೆಯನ್ನು ಸಂತೆಯ ದಿನ, ಅದೇ ಜಾಗದಲ್ಲಿ, ಮಧ್ಯಾಹ್ನ ಸೇರಿಸಿದೆವು. ಕಾಗದವನ್ನು ಬದಿಗಿಟ್ಟು, ಗೂಟ, ಹಗ್ಗ ಮತ್ತು ಒಂದು ಚೀಲ ಸುಣ್ಣದ ಪುಡಿ ತಂದು, ನಕ್ಷೆಯನ್ನು ನಿಜವಾದ ಅಳತೆಯಲ್ಲಿ ನೆಲದ ಮೇಲೆಯೇ ಎಳೆದೆವು. ಮೆಟ್ಟಿಲು ಎಲ್ಲಿ ಬರುತ್ತದೆಂದು ಸುಣ್ಣ ಹಾಕಿದಾಗ ಅದನ್ನು ದಾಟಿ ಓರೆಯಾಗಿ ಒಂದು ಕಾಲುದಾರಿ ಹಾದುಹೋಗಿರುವುದು ಎದ್ದು ಕಂಡಿತು. ದಕ್ಷಿಣ ತುದಿಯ ಬಸ್ ನಿಲ್ದಾಣದಿಂದ ಹೊರಟು, ಲಂಟಾನದ ಪೊದೆಯನ್ನು ಬಳಸಿ, ಸಾಲಿನ ನಡುವಿನ ಔಷಧಿ ಅಂಗಡಿಯ ಜಗಲಿಗೆ ಅದು ತಲುಪುತ್ತಿತ್ತು. ಜನ ನಡೆದು ನಡೆದು ಸವೆಸಿದ ದಾರಿ.

ಕುತೂಹಲಕ್ಕೆ ಅದನ್ನು ಅಳೆದೆವು. ನೀರು ತುಂಬಿದ ಪ್ಲಾಸ್ಟಿಕ್ ಮಟ್ಟದ ಕೊಳವೆಯಲ್ಲಿ ನೋಡಿದಾಗ ರಸ್ತೆಗೂ ಜಗಲಿಗೂ ಇರುವ ಎತ್ತರದ ವ್ಯತ್ಯಾಸ ನಾಲ್ಕೂವರೆ ಅಡಿ. ನೇರವಾಗಿ ಹತ್ತಿದರೆ 40 ಅಡಿಯಲ್ಲಿ ನಾಲ್ಕೂವರೆ ಅಡಿ ಏರಬೇಕು, ಅಂದರೆ ಸುಮಾರು 9ಕ್ಕೆ 1. ಓರೆಯಾದ ಕಾಲುದಾರಿಯ ಉದ್ದ 80 ಅಡಿ ಇದ್ದುದರಿಂದ ಅದರ ಏರು 18ಕ್ಕೆ 1 ಮಾತ್ರ. ಗಾಲಿಕುರ್ಚಿಯ ಇಳಿಜಾರು 12ಕ್ಕೆ 1ಕ್ಕಿಂತ ಕಡಿದಾಗಿರಬಾರದು ಎಂಬುದು ಸಾರ್ವಜನಿಕ ಕಟ್ಟಡಗಳಿಗೆ ಇರುವ ಸಾಮಾನ್ಯ ನಿಯಮ. ಮಂಡಿನೋವಿನ ಅಜ್ಜಿಯಂದಿರೂ ಮೂಟೆ ಹೊತ್ತವರೂ ಸೇರಿ ಅದಕ್ಕಿಂತ ಸೌಮ್ಯವಾದ ಏರನ್ನು ಯಾರನ್ನೂ ಕೇಳದೆ ಹುಡುಕಿಕೊಂಡಿದ್ದರು. ಮೆಟ್ಟಿಲನ್ನು ಅಲ್ಲೇ ಕೈಬಿಟ್ಟು, ಕಾಲುದಾರಿ ಇರುವಲ್ಲಿಯೇ ಐದು ಅಡಿ ಅಗಲದ ಗಟ್ಟಿ ದಾರಿ ಮಾಡುವುದು, ಅದರ ನಡುವೆ ಉಸಿರು ತೆಗೆದುಕೊಳ್ಳಲು ಐದು ಅಡಿಯ ಒಂದು ಸಮತಟ್ಟು ಬಿಡುವುದು ಎಂದು ತೀರ್ಮಾನಿಸಿದೆವು. ಸಮತಟ್ಟನ್ನು ಕಳೆದರೂ ಏರು ಸುಮಾರು 17ಕ್ಕೆ 1ರಲ್ಲೇ ನಿಂತಿತು.

ಅಂಗಡಿಯವರ ಆಕ್ಷೇಪಗಳು ಬೇರೆಯಾಗಿದ್ದವು, ಅವನ್ನು ತಳ್ಳಿಹಾಕುವಂತಿರಲಿಲ್ಲ. ಗಿಡ ಬೆಳೆದರೆ ನಾಮಫಲಕ ಮರೆಯಾಗುತ್ತದೆ ಎಂದರು ಒಬ್ಬರು. ಕಾಳುಮೆಣಸು ಮತ್ತು ಕಾಫಿ ಕೊಳ್ಳುವ ಅಂಗಡಿಯವರಿಗೆ ಡಿಸೆಂಬರಿನಿಂದ ಮಾರ್ಚಿಯವರೆಗೆ ಪಿಕಪ್ ವಾಹನ ನಿಲ್ಲಿಸಲು ಜಾಗ ಬೇಕೇ ಬೇಕು. ಸಂಜೆಯಾದ ಮೇಲೆ ಕುಡಿದವರು ಬಂದು ಕೂರುತ್ತಾರೆ ಎಂಬ ಭಯ ಎಲ್ಲರಿಗೂ ಇತ್ತು, ಕಾಲೇಜಿನ ಹುಡುಗಿಯರಿಗೆ ಎಲ್ಲರಿಗಿಂತ ಹೆಚ್ಚಾಗಿ. ಉತ್ತರ ತುದಿಯಲ್ಲಿ 30 ಅಡಿ ಉದ್ದ, 8 ಅಡಿ ಅಗಲದ ಜಾಗವನ್ನು ಸರಕು ಇಳಿಸಲು ಬಿಟ್ಟೆವು. ಯಾವ ಪೊದೆಯೂ ಎರಡೂವರೆ ಅಡಿಗಿಂತ ಎತ್ತರ ಇರಕೂಡದು, ಮರದ ಕೊಂಬೆ ಎಂಟು ಅಡಿಗಿಂತ ಕೆಳಗೆ ಇರಕೂಡದು ಎಂದು ಬರೆದುಕೊಂಡೆವು. ಈ ಎರಡು ಅಳತೆಗಳ ನಡುವೆ ಜಾಗದ ಒಂದು ತುದಿಯಿಂದ ಇನ್ನೊಂದು ತುದಿ ಕಾಣಬೇಕು. ನಾಮಫಲಕದ ಪ್ರಶ್ನೆಗೂ ಕತ್ತಲೆಯ ಭಯಕ್ಕೂ ಒಂದೇ ಉತ್ತರ ಸಿಕ್ಕಿತು.

ಪಂಚಾಯಿತಿಯ ನಿರ್ಣಯ, ರಸ್ತೆಯಂಚಿನ ಗಡಿ ಗುರುತಿಸುವಿಕೆ, ವಿದ್ಯುತ್ ಕಂಬಕ್ಕೆ ಅರ್ಜಿ ಇವುಗಳಿಗೆ ಜನವರಿ ಮುಗಿಯುವವರೆಗೆ ಸಮಯ ಹಿಡಿಯಿತು. ಕಾಫಿ ಕುಯ್ಲಿನ ಕಾಲವಾದ್ದರಿಂದ ಹೇಗೂ ಆಳು ಸಿಗುತ್ತಿರಲಿಲ್ಲ. ಕೊಡಗಿನಲ್ಲಿ ಸಾರ್ವಜನಿಕ ಕೆಲಸ ಮಾಡುವವರು ಮೊದಲು ನೋಡಬೇಕಾದ ಪಂಚಾಂಗ ಇದೇ: ಕುಯ್ಲು ಮುಗಿಯುವುದಕ್ಕೂ ಮುಂಗಾರು ಹಿಡಿಯುವುದಕ್ಕೂ ನಡುವೆ ಸಿಗುವ ದಿನಗಳು ತೀರ ಕಡಿಮೆ.

ನೀರಿನ ಲೆಕ್ಕ

ಇಲ್ಲಿ ನಾನು ಸ್ವಲ್ಪ ನಿಧಾನಿಸಬೇಕು, ಏಕೆಂದರೆ ನಾವು ಹೆಚ್ಚು ಎಡವಿದ್ದು ಇಲ್ಲಿ.

ಅಂಗಡಿ ಸಾಲಿನ ಶೀಟಿನ ಮಾಡು (ಛಾವಣಿ) ಪೂರ್ತಿ ಮುಂದಕ್ಕೆ ಇಳಿದಿದೆ. 120 ಅಡಿ ಉದ್ದ, 25 ಅಡಿ ಅಗಲ ಎಂದರೆ 3,000 ಚದರ ಅಡಿ. ಅದರ ಮೇಲೆ ಬಿದ್ದ ಮಳೆಯೆಲ್ಲ ಸೂರಿನಿಂದ ನೇರವಾಗಿ ನಮ್ಮ ಜಾಗಕ್ಕೆ ಸುರಿಯುತ್ತದೆ. ಮಳೆನೀರು ಇಂಗಿಸುವ ಬಗ್ಗೆ ಎಲ್ಲೆಡೆ ಹೇಳುವುದನ್ನು ಕೇಳಿದ್ದ ನಾವು ಫೆಬ್ರವರಿಯಲ್ಲಿ ನಾಲ್ಕು ಅಡಿ ಚೌಕದ, ಐದು ಅಡಿ ಆಳದ ಒಂದು ಇಂಗುಗುಂಡಿ ತೋಡಿ ದಪ್ಪ ಕಲ್ಲು ತುಂಬಿದೆವು. ಪರೀಕ್ಷೆಗೆಂದು ಎರಡು ಡ್ರಮ್ಮು ನೀರು ಸುರಿದಾಗ ಮುಕ್ಕಾಲು ಗಂಟೆಯೊಳಗೆ ಇಂಗಿಹೋಯಿತು. ಎಲ್ಲರೂ ಚಪ್ಪಾಳೆ ತಟ್ಟಿದೆವು.

ಲೆಕ್ಕ ಹಾಕಿದ್ದು ಆಮೇಲೆ. ಇಲ್ಲಿಯ ತೋಟಗಾರರು ಮಳೆಯನ್ನು ಇಂಚು, ಸೆಂಟುಗಳಲ್ಲಿ (ಮಳೆಯ ಸೆಂಟು ಎಂದರೆ ಇಂಚಿನ ನೂರರಲ್ಲಿ ಒಂದು ಭಾಗ) ಬರೆದಿಡುವವರು, ಆದ್ದರಿಂದ ಇಂಚಿನಲ್ಲೇ ಹೇಳುತ್ತೇನೆ. ಸಾವಿರ ಚದರ ಅಡಿಯ ಮೇಲೆ ಒಂದು ಇಂಚು ಮಳೆ ಬಿದ್ದರೆ ಅದು ಸುಮಾರು 2,360 ಲೀಟರ್. ನಮ್ಮ ಮಾಡಿನಿಂದ ಇಂಚಿಗೆ 7,000 ಲೀಟರಿಗೂ ಸ್ವಲ್ಪ ಹೆಚ್ಚು. ಗುಂಡಿಯ ಅಳತೆ 80 ಘನ ಅಡಿ. ಕಲ್ಲು ತುಂಬಿದ ಮೇಲೆ ಸಂದುಗಳಲ್ಲಿ ಉಳಿಯುವ ಜಾಗ ನೂರಕ್ಕೆ 40 ಎಂದು ಹಿಡಿದರೂ ಅದರಲ್ಲಿ ನಿಲ್ಲುವುದು 900 ಲೀಟರ್. ಅಂದರೆ 13 ಸೆಂಟು ಮಳೆಗೆ ಗುಂಡಿ ತುಂಬುತ್ತದೆ. ಜುಲೈಯಲ್ಲಿ ನಮ್ಮಲ್ಲಿ 13 ಸೆಂಟು ಮಳೆಯನ್ನು ಯಾರೂ ಮಳೆ ಎಂದು ಕರೆಯುವುದಿಲ್ಲ.

ಅದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಫೆಬ್ರವರಿಯ ಒಣ ನೆಲ ಕುಡಿಯುವಷ್ಟು ನೀರನ್ನು ಜುಲೈಯ ನೆಲ ಕುಡಿಯುವುದಿಲ್ಲ, ಏಕೆಂದರೆ ಆ ಹೊತ್ತಿಗೆ ಮಣ್ಣಿನ ಸಂದುಗಳಲ್ಲಿ ಗಾಳಿ ಇರುವುದಿಲ್ಲ, ನೀರೇ ತುಂಬಿರುತ್ತದೆ. ಮಡಿಕೇರಿಯಲ್ಲಿ ವರ್ಷಕ್ಕೆ ಸರಾಸರಿ 3,000 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಬಯಲುಸೀಮೆಗೆ ಹೊಂದುವ ಇಂಗುಗುಂಡಿಯನ್ನು ಮಲೆಯ ಇಳಿಜಾರಿನಲ್ಲಿ, ಅದೂ ಕಟ್ಟಡದ ಮತ್ತು ತಡೆಗೋಡೆಯ ನಡುವೆ, ತೋಡುವುದು ವ್ಯರ್ಥ ಮಾತ್ರವಲ್ಲ, ಅಪಾಯವೂ ಹೌದು. 2018ರ ಆಗಸ್ಟಿನಲ್ಲಿ ಕೊಡಗಿನ ಬೆಟ್ಟಗಳು ಜಾರಿದ್ದನ್ನು ಕಂಡವರಿಗೆ, ನೀರು ಕುಡಿದು ಭಾರವಾದ ಇಳಿಜಾರು ಏನು ಮಾಡಬಲ್ಲದು ಎಂದು ವಿವರಿಸಬೇಕಾಗಿಲ್ಲ. ತೋಟಗಳಲ್ಲಿ ತೊಟ್ಟಿಲು ಗುಂಡಿ ತೆಗೆಯುವುದಿಲ್ಲವೇ ಎಂದು ಸಭೆಯಲ್ಲಿ ಒಬ್ಬರು ಕೇಳಿದರು. ತೆಗೆಯುತ್ತಾರೆ; ಆದರೆ ಅವು ಗಿಡಗಳ ಸಾಲಿನ ನಡುವೆ ಹರಡಿಕೊಂಡ ಚಿಕ್ಕ ಗುಂಡಿಗಳು, ಮೇಲ್ಮಣ್ಣು ಕೊಚ್ಚಿಹೋಗದಂತೆ ಹಿಡಿಯುವುದು ಅವುಗಳ ಮುಖ್ಯ ಕೆಲಸ, ಮೇಲಾಗಿ ಅವುಗಳ ಕೆಳಗೆ ಯಾರದೂ ಗೋಡೆಯಿರುವುದಿಲ್ಲ.

ಆದ್ದರಿಂದ ನೀರನ್ನು ಹಿಡಿದಿಡುವ ಆಸೆ ಬಿಟ್ಟು, ಅದನ್ನು ಅವಸರವಿಲ್ಲದೆ ಸಾಗಿಸುವ ಯೋಚನೆಗೆ ಬಂದೆವು. ಜಗಲಿಯ ಬುಡದಲ್ಲಿ ಉದ್ದಕ್ಕೂ ಎರಡು ಅಡಿ ಅಗಲ, ಒಂಬತ್ತು ಇಂಚು ಆಳದ ಕಾಲುವೆ. ತಳಕ್ಕೆ ಗಾರೆಯಿಲ್ಲದೆ ಜೋಡಿಸಿದ ಒರಟು ಕಲ್ಲು. ದಕ್ಷಿಣದಿಂದ ಉತ್ತರಕ್ಕೆ 60 ಅಡಿಗೆ ಒಂದು ಅಡಿಯಂತೆ ಇಳಿತ. ಕೊನೆಯಲ್ಲಿ ಮೂರು ಕಲ್ಲಿನ ಮೆಟ್ಟಿಲು ಇಳಿದು ನೀರು ರಸ್ತೆಯ ಚರಂಡಿಯನ್ನೂ, ಅಲ್ಲಿಂದ ಕೆಳಗಿನ ತೋಡನ್ನೂ ಸೇರುತ್ತದೆ. ಗಂಟೆಗೆ ಎರಡು ಇಂಚಿನಂತೆ ಮಳೆ ಸುರಿದರೂ ಮಾಡಿನಿಂದ ಬರುವುದು ಸೆಕೆಂಡಿಗೆ ಸುಮಾರು ನಾಲ್ಕು ಲೀಟರ್. ಈ ಕಾಲುವೆಗೆ ಅದು ಹೊರೆಯಲ್ಲ. ಕಾಲುವೆಯ ಅಂಚಿನಲ್ಲಿ ಲಾವಂಚ, ತಳದ ಕಲ್ಲುಸಂದುಗಳಲ್ಲಿ ಕೆಸು ಮತ್ತು ಜರಿಗಿಡ ನೆಟ್ಟೆವು. ತೋಡಿದ್ದ ಇಂಗುಗುಂಡಿಯ ಮೇಲಿನ ಎರಡು ಅಡಿ ಕಲ್ಲನ್ನು ತೆಗೆದು, ಉಳಿದದ್ದನ್ನು ಮಣ್ಣು ತುಂಬಿ ಧಮ್ಮಸು ಮಾಡಿ, ಹೂಳುಗುಂಡಿಯನ್ನಾಗಿ ಪರಿವರ್ತಿಸಿದೆವು. ಕಾಲುವೆಯಲ್ಲಿ ಬರುವ ಎಲೆ, ಪ್ಲಾಸ್ಟಿಕ್ಕು, ಮರಳು ಅಲ್ಲಿ ನಿಲ್ಲುತ್ತವೆ. ಹದಿನೈದು ದಿನಕ್ಕೊಮ್ಮೆ ಅದನ್ನು ತೆಗೆಯುವ ಸರದಿ ಅಂಗಡಿಗೊಂದರಂತೆ ಹಂಚಿಕೆಯಾಗಿದೆ. ಸರದಿ ತಪ್ಪಿಸುವವರು ಯಾರೆಂದು ಎಲ್ಲರಿಗೂ ಗೊತ್ತು, ಇಲ್ಲಿ ಬರೆಯುವುದಿಲ್ಲ.

ದಾರಿ, ಮರ, ಮಾಡು

ಫೆಬ್ರವರಿಯ ಕೊನೆಯಲ್ಲಿ ದಾರಿಯ ಕೆಲಸ ಹಿಡಿದೆವು. ಜೆಸಿಬಿ ತರಿಸಬಾರದು, ಎಲ್ಲಿಯೂ ಎರಡು ಅಡಿಗಿಂತ ಎತ್ತರವಾಗಿ ನೆಲವನ್ನು ನೇರ ಕತ್ತರಿಸಬಾರದು ಎಂದು ಮೊದಲೇ ನಿಯಮ ಮಾಡಿಕೊಂಡಿದ್ದರಿಂದ ಅಗೆತವೆಲ್ಲ ಗುದ್ದಲಿ, ಪಿಕಾಸಿಯಲ್ಲೇ ನಡೆಯಿತು. ನಾಲ್ಕು ಭಾನುವಾರ ಶ್ರಮದಾನ. ಮೊದಲ ವಾರ 30 ಜನ, ಎರಡನೆಯ ವಾರ 12, ನಾಲ್ಕನೆಯ ವಾರ ಐದು. ಐದನೆಯ ವಾರದಿಂದ ಕೂಲಿ ಕೊಟ್ಟೇ ಮಾಡಿಸಿದೆವು.

ನಮ್ಮಲ್ಲಿ ನುಣುಪಾದ ಯಾವ ನೆಲವೂ ಮಳೆಗಾಲದಲ್ಲಿ ಪಾಚಿ ಕಟ್ಟಿ ಜಾರುಬಂಡೆಯಾಗುತ್ತದೆ. ಬಣ್ಣದ ಇಂಟರ್‌ಲಾಕ್ ಕಲ್ಲಿನ ಮೇಲೆ ಜನ ಬಿದ್ದದ್ದನ್ನು ನಾವೆಲ್ಲ ಅಕ್ಕಪಕ್ಕದ ಊರುಗಳಲ್ಲಿ ನೋಡಿದ್ದೇವೆ. ಆದ್ದರಿಂದ ನಾಲ್ಕು ಇಂಚು ಜಲ್ಲಿಯ ಹಾಸಿನ ಮೇಲೆ ನಾಲ್ಕು ಇಂಚು ಕಾಂಕ್ರೀಟು, ಅದು ಅರೆ ಗಟ್ಟಿಯಾದಾಗ ತೆಂಗಿನ ಕಡ್ಡಿಯ ಪೊರಕೆಯಿಂದ ನಡೆಯುವ ದಿಕ್ಕಿಗೆ ಅಡ್ಡವಾಗಿ ಗೀರು. ಎಂಟು ಅಡಿಗೊಂದು ಸಂದು, ಕೆಳಬದಿಗೆ 50ಕ್ಕೆ 1ರಷ್ಟು ಓರೆ. 1:2:4 ಮಿಶ್ರಣಕ್ಕೆ ಸುಮಾರು 24 ಚೀಲ ಸಿಮೆಂಟು ಹಿಡಿಯಿತು. ಕಾಫಿ ಅಂಗಡಿಯವರು ಕೊಟ್ಟ ಹಳೆಯ ಗೋಣಿಚೀಲಗಳನ್ನು ನೆನೆಸಿ ಹೊದಿಸಿ ಹತ್ತು ದಿನ ನೀರುಣಿಸಿದೆವು. ಮೊದಲ ರಾತ್ರಿಯೇ ಹೋಟೆಲಿನ ನಾಯಿ ಅದರ ಮೇಲೆ ಮೇಲಿಂದ ಕೆಳಗಿನವರೆಗೆ ನಡೆದುಹೋಗಿತ್ತು. ಅದೂ ಸರಿಯಾಗಿ ದಾರಿಯ ನಡುವೆ. ಆ ಹೆಜ್ಜೆಗಳನ್ನು ಮುಚ್ಚಲು ಮಕ್ಕಳು ಬಿಡಲಿಲ್ಲ.

ನೇರಳೆ ಮರದ ಬಗ್ಗೆ ಜಗಳವಾಯಿತು. ಹಣ್ಣು ಬಿದ್ದು ನೆಲ ಕರೆಗಟ್ಟುತ್ತದೆ, ನೊಣ ಬರುತ್ತದೆ, ಕಡಿಸಿ ಎಂದು ಇಬ್ಬರು ಪಟ್ಟು ಹಿಡಿದರು. ಕಡಿಯುವ ಬದಲು ಹಣ್ಣು ಬೀಳುವ ಸುತ್ತಳತೆಯಲ್ಲಿ ಕಾಂಕ್ರೀಟನ್ನೇ ಹಾಕದೆ ಜಲ್ಲಿ ಹರಡುವುದೆಂದು ಒಪ್ಪಂದವಾಯಿತು. ಮರಕ್ಕೆ ಕಟ್ಟೆ ಬೇಕೆಂಬ ಬೇಡಿಕೆ ಮಾತ್ರ ಎಲ್ಲರದೂ ಆಗಿತ್ತು. ಬೆಳೆದ ಮರದ ಸುತ್ತ ಗೋಡೆ ಕಟ್ಟಿ ಒಳಗೆ ಮಣ್ಣು ತುಂಬಿದರೆ ಮರ ನಿಧಾನವಾಗಿ ಸೊರಗುತ್ತದೆ. ಗಾಳಿ, ನೀರು ಹೀರುವ ಸಣ್ಣ ಬೇರುಗಳು ಬಹುಮಟ್ಟಿಗೆ ಮೇಲಿನ ಒಂದೂವರೆ ಅಡಿ ಮಣ್ಣಿನಲ್ಲೇ ಇರುತ್ತವೆ. ಮೇಲೆ ಮಣ್ಣು ಸುರಿದರೆ ಅವಕ್ಕೆ ಉಸಿರುಗಟ್ಟುತ್ತದೆ, ಕಾಂಡದ ತೊಗಟೆ ಕೊಳೆಯುತ್ತದೆ. ಆದ್ದರಿಂದ ಬೇರುಗಳನ್ನು ತಪ್ಪಿಸಿ ನಿಲ್ಲಿಸಿದ ಒಂಬತ್ತು ಗಿಡ್ಡ ಕಲ್ಲುಕಂಬಗಳ ಮೇಲೆ ಚಪ್ಪಡಿಗಳನ್ನು ಇರಿಸಿ, ಕಾಂಡದಿಂದ ಒಂದೂವರೆ ಅಡಿ ದೂರ ಬಿಟ್ಟು, ಕೆಳಗೆ ಖಾಲಿ ಇರುವ ಕಟ್ಟೆ ಮಾಡಿದೆವು. ಮೇಲಿಂದ ನೋಡಿದರೆ ಅದು ಊರಿನ ಎಲ್ಲ ಕಟ್ಟೆಗಳಂತೆಯೇ ಕಾಣುತ್ತದೆ.

ಬಸ್ ನಿಲ್ದಾಣದ ತುದಿಯಲ್ಲಿ 24 ಅಡಿ ಉದ್ದ, 10 ಅಡಿ ಅಗಲದ ಮಾಡು. ಕಳಚಿದ ಹಳೆಯ ಕಾಫಿ ಗೋದಾಮೊಂದರ ಮಂಗಳೂರು ಹೆಂಚು ಅಗ್ಗಕ್ಕೆ ಸಿಕ್ಕಿತು. ಇಲ್ಲಿ ಮಳೆ ಮೇಲಿಂದ ಬೀಳುವುದಕ್ಕಿಂತ ಪಕ್ಕದಿಂದ ಬೀಸುವುದೇ ಹೆಚ್ಚಾದ್ದರಿಂದ ಸೂರನ್ನು ಮೂರು ಅಡಿ ಹೊರಚಾಚಿ, ನೈಋತ್ಯದ ಕಡೆಗೆ ಎದೆಮಟ್ಟದ ಗೋಡೆಯೂ ಅದರ ಮೇಲೆ ಸಂದುಬಿಟ್ಟ ಇಟ್ಟಿಗೆಯೂ ಬಂದವು. ಮರದ ಬೆಂಚು ನಾಲ್ಕು ತಿಂಗಳು ಒಣಗುವುದೇ ಇಲ್ಲವಾದ್ದರಿಂದ ಕೂರಲು ಕಲ್ಲು ಚಪ್ಪಡಿ, ಬೆನ್ನಿಗೆ ಗೋಡೆ. ಎಲ್ಲ ಆಸನಗಳೂ ಬಸ್ಸು ಬರುವ ದಿಕ್ಕಿಗೆ ಮುಖ ಮಾಡಿವೆ. ಮಾಡಿನ ಹೊರ ಮೂಲೆಯಲ್ಲಿ ನಾಲ್ಕೂಕಾಲು ಅಡಿ ಎತ್ತರದ ಹೊರೆಗಲ್ಲು. ಎತ್ತರವನ್ನು ನಿರ್ಧರಿಸಿದ್ದು ಪುಸ್ತಕ ನೋಡಿಯಲ್ಲ: ಸಂತೆಯ ದಿನ ಆರು ಹೆಂಗಸರನ್ನು ಕೇಳಿ, ಕಂಬಕ್ಕೆ ಹಲಗೆಯನ್ನು ಮೇಲೆ ಕೆಳಗೆ ಕಟ್ಟಿ, ಮೂಟೆಯನ್ನು ತಲೆಯಿಂದ ಹಲಗೆಗೆ ಜಾರಿಸಿ ಮತ್ತೆ ತಲೆಗೆ ಎಳೆದುಕೊಳ್ಳಲು ಯಾವ ಎತ್ತರ ಸಲೀಸು ಎಂದು ನೋಡಿ ಗುರುತು ಹಾಕಿದೆವು. ನಾನು ಊಹಿಸಿದ್ದು ಮೂರೂವರೆ ಅಡಿ. ಅದಕ್ಕೆ ಅವರು ನಕ್ಕರು.

ಮಾರ್ಚಿಯಲ್ಲಿ, ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆ ಬಂದಾಗ ಎರಡು ದಿನ ಕೆಲಸ ನಿಂತಿತು. ತೋಟದವರೆಲ್ಲ ಸಂತೋಷದಲ್ಲಿದ್ದರು, ಮೇಸ್ತ್ರಿ ಮಾತ್ರ ಅಲ್ಲ.

ಉಬ್ಬಿದ ಗೋಡೆ

ರಸ್ತೆಯ ಅಂಚಿನಲ್ಲಿ 80 ಅಡಿ ಉದ್ದಕ್ಕೆ, ಎರಡೂವರೆ ಅಡಿಯವರೆಗೆ ಏರುವ ತಡೆಗೋಡೆ ಬೇಕಿತ್ತು. ಅದರ ಹಿಂದೆ ಮಣ್ಣು ತುಂಬಿದರೆ ಕೂರಲು, ಮಕ್ಕಳು ಓಡಾಡಲು ಸ್ವಲ್ಪ ಸಮತಟ್ಟು ಸಿಗುತ್ತದೆ. ಕೆಲಸಕ್ಕೆ ಬಂದ ಹಿರಿಯ ಮೇಸ್ತ್ರಿಯವರು ಗಾರೆಯಿಲ್ಲದ ಒಣಗಲ್ಲಿನ ಗೋಡೆ ಸಾಕು ಎಂದಿದ್ದರು. ಅದು ತೋಟದ ಬೇಲಿಯಂತೆ ಕಾಣುತ್ತದೆ, ಸಿಮೆಂಟು ಹಾಕಿ ಸಂದು ಮುಚ್ಚಿ ನೀಟಾಗಿ ಮಾಡಿ ಎಂದು ಹಟ ಮಾಡಿದವರು ನಾವು, ಸಮಿತಿಯವರು. ನೀರು ಹೊರಬರಲು ಕೊಳವೆ ಇಡಬೇಕೆಂದು ಅವರು ಹೇಳಿದಾಗ, ಗೋಡೆಯ ಮುಖದಲ್ಲಿ ತೂತು ಕಾಣುವುದು ಚೆನ್ನಾಗಿರದು ಎಂದದ್ದೂ ನಮ್ಮಲ್ಲೇ ಒಬ್ಬರು. ಹಾಗೆ ಅಂದವನು ನಾನೇ ಎಂದು ಈಗ ಒಪ್ಪಿಕೊಳ್ಳಬಹುದು.

ಜೂನ್ ಎರಡನೆಯ ವಾರ, ಐದು ದಿನ ಬಿಡದೆ ಸುರಿದ ಮೇಲೆ, ಗೋಡೆಯ ನಡುಭಾಗದ ಸುಮಾರು 15 ಅಡಿ ರಸ್ತೆಯ ಕಡೆಗೆ ಹೊಟ್ಟೆ ಬಿಟ್ಟಿತು. ಬೆಳಿಗ್ಗೆ ಅಂಗಡಿ ತೆರೆಯಲು ಬಂದವನಿಗೆ ಮೊದಲು ಕಂಡದ್ದು ಸಿಮೆಂಟಿನ ಸಂದುಗಳಲ್ಲಿ ಕೂದಲೆಳೆಯಂಥ ಬಿರುಕುಗಳು ಮತ್ತು ಅವುಗಳಿಂದ ಚಿಮ್ಮುತ್ತಿದ್ದ ಕೆಂಪು ನೀರು. ಮೇಸ್ತ್ರಿಯವರನ್ನು ಕರೆಸಿದೆವು. ಅವರು ಛತ್ರಿ ಹಿಡಿದು ಗೋಡೆಯ ಉದ್ದಕ್ಕೂ ಒಮ್ಮೆ ನಡೆದು, "ಒಳಗೆ ನೀರು ನಿಂತರೆ ಹೊರಗೆ ಗೋಡೆ ನಿಲ್ಲೋದಿಲ್ಲ ಸಾರ್" ಎಂದರು. ಅಷ್ಟೇ, ಬೇರೇನೂ ಅನ್ನಲಿಲ್ಲ. ಆ ದಿನವೇ ಗೋಡೆಯ ಹಿಂದಿನ ಮಣ್ಣನ್ನು ಎರಡು ಅಡಿ ಅಗಲಕ್ಕೆ ಅಗೆದು ತೆಗೆದು, ರಸ್ತೆಯ ಕಡೆಗೆ ಹಗ್ಗ ಕಟ್ಟಿ ಯಾರೂ ನಿಲ್ಲದಂತೆ ಮಾಡಿದೆವು. ಗೋಡೆ ಬೀಳಲಿಲ್ಲ.

ಮಳೆ ಸ್ವಲ್ಪ ಬಿಡುವು ಕೊಟ್ಟಾಗ ಕೆಟ್ಟ ಭಾಗವನ್ನಷ್ಟೇ ಅಲ್ಲದೆ ನಡುವಿನ 50 ಅಡಿಯನ್ನು ಪೂರ್ತಿ ಕಳಚಿ ಒಣಗಲ್ಲಿನಲ್ಲೇ ಮತ್ತೆ ಕಟ್ಟಿಸಿದೆವು. ಅವರು ಕಟ್ಟಿದ ಕ್ರಮವನ್ನು ನಾನು ಬರೆದಿಟ್ಟುಕೊಂಡಿದ್ದೇನೆ. ಅತಿ ದೊಡ್ಡ ಕಲ್ಲುಗಳು ಒಂದು ಅಡಿ ಆಳದ ಪಾಯದಲ್ಲಿ, ತುಸು ಹಿಂದಕ್ಕೆ ವಾಲಿದಂತೆ. ಪ್ರತಿ ವರಸೆಯೂ ಕೆಳಗಿನದಕ್ಕಿಂತ ಸ್ವಲ್ಪ ಒಳಕ್ಕೆ, ಹೀಗೆ ಎರಡೂವರೆ ಅಡಿ ಏರುವಷ್ಟರಲ್ಲಿ ಗೋಡೆಯ ಮುಖ ಐದು ಇಂಚು ಹಿಂದೆ ಸರಿದಿತ್ತು. ಸಂದಿನ ಮೇಲೆ ಸಂದು ಬಾರದಂತೆ ಒಂದು ಕಲ್ಲು ಎರಡರ ಮೇಲೆ, ಎರಡು ಕಲ್ಲು ಒಂದರ ಮೇಲೆ. ನಾಲ್ಕು ಅಡಿಗೊಂದರಂತೆ ಗೋಡೆಯ ದಪ್ಪವನ್ನೆಲ್ಲ ಹಾದು ಹಿಂದಿನ ಮಣ್ಣಿಗೆ ನಾಟುವ ಉದ್ದಗಲ್ಲು. ಗೋಡೆಯ ಬೆನ್ನಿಗೆ ಒಂದು ಅಡಿ ದಪ್ಪ ಜಲ್ಲಿ, ಜಲ್ಲಿಗೂ ಮಣ್ಣಿಗೂ ನಡುವೆ ಹೂಳು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ. ಉಳಿದ 30 ಅಡಿ ಸಿಮೆಂಟು ಗೋಡೆ ಎತ್ತರದಲ್ಲಿ ಒಂದು ಅಡಿಯಷ್ಟೇ ಇದ್ದುದರಿಂದ ಅದನ್ನು ಕಳಚದೆ, ಐದು ಅಡಿಗೊಂದು ತೂತು ಕೊರೆಸಿದೆವು. ತೂತುಗಳು ಕಾಣುತ್ತವೆ. ಈವರೆಗೆ ಯಾರೂ ಆಕ್ಷೇಪಿಸಿಲ್ಲ.

ಒಟ್ಟು ಖರ್ಚು 3 ಲಕ್ಷ 40 ಸಾವಿರ ರೂಪಾಯಿ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮಾಡು ಮತ್ತು ಗೋಡೆಗೆ. ಪಂಚಾಯಿತಿ ಒಂದು ಪಾಲು, ಅಂಗಡಿಯವರು ಒಂದು ಪಾಲು, ಉಳಿದದ್ದು ವಂತಿಗೆ. ಗೋಡೆಯನ್ನು ಎರಡು ಸಲ ಕಟ್ಟದೆ ಇದ್ದಿದ್ದರೆ ಕಾಲೇಜಿನ ಹುಡುಗಿಯರು ಕೇಳಿದ್ದ ಎರಡನೆಯ ದೀಪದ ಕಂಬವೂ ಇದೇ ಹಣದಲ್ಲಿ ಆಗುತ್ತಿತ್ತು. ಅದು ಇನ್ನೂ ಬಾಕಿ ಇದೆ.

ಗಿಡಗಳು

ಹುಲ್ಲುಹಾಸು ಹಾಕಲಿಲ್ಲ. ಜನ ಓಡಾಡುವಲ್ಲಿ ನಮ್ಮ ಮಳೆಗೆ ಅದು ಕೆಸರಾಗುತ್ತದೆ, ಓಡಾಡದಲ್ಲಿ ಇಂಬಳ (ಜಿಗಣೆ) ಸೇರುತ್ತದೆ. ಲಂಟಾನವನ್ನು ಬೇರು ಸಹಿತ ಕಿತ್ತ ಜಾಗಕ್ಕೆ ಕೊಟ್ಟಿಗೆ ಗೊಬ್ಬರ ಮತ್ತು ಕಳಿತ ಕಾಫಿ ಸಿಪ್ಪೆ ಬೆರೆಸಿ, ಮೇ ಕೊನೆಯ ಮಳೆಗೆ ಗಿಡ ನೆಟ್ಟೆವು. ಎರಡು ಕೊಡಗಿನ ಕಿತ್ತಳೆ ಸಸಿ ಬೇಕೆಂದು ನಾನೇ ಒತ್ತಾಯಿಸಿ ನೆಡಿಸಿದೆ. ನೀರು ಬಸಿಯದ ಮೂಲೆಯನ್ನು ಆರಿಸಿದ್ದರಿಂದ ಎರಡೂ ಜುಲೈಯಲ್ಲಿ ಬೇರು ಕೊಳೆತು ಹೋದವು.

ದಾರಿಯ ಅಂಚಿನ ಬೇಲಿಗೆ ಕ್ರೋಟನ್ ತರಿಸುವ ಮಾತಿತ್ತು. ಬೇಕರಿಯ ಅಕ್ಕ ಅದನ್ನು ಬೇಡವೆಂದು, ಮದ್ದು ತೊಪ್ಪು ನೆಡೋಣ ಎಂದರು. ಕೊಡವರು ಕಕ್ಕಡ ತಿಂಗಳ 18ನೆಯ ದಿನ, ಅಂದರೆ ಆಗಸ್ಟ್ ಮೊದಲ ವಾರದಲ್ಲಿ, ಇದರ ರಸದಿಂದ ನೇರಳೆ ಬಣ್ಣದ ಪಾಯಸ ಮಾಡುತ್ತಾರೆ. ಅರೆಭಾಷೆಯವರಿಗೆ ಇದೇ ಆಟಿ ಸೊಪ್ಪು. ಆ ದಿನ ಅದರಲ್ಲಿ 18 ಬಗೆಯ ಔಷಧಿ ಸೇರಿರುತ್ತದೆ ಎಂಬುದು ಹಿರಿಯರ ನಂಬಿಕೆ. ನೆರಳು, ತೇವ ಎರಡನ್ನೂ ಸಹಿಸುತ್ತದೆ, ಕತ್ತರಿಸಿದಷ್ಟೂ ಚಿಗುರುತ್ತದೆ, ಕಡ್ಡಿ ಚುಚ್ಚಿದರೆ ಬೇರು ಬಿಡುತ್ತದೆ, ಕಾಸು ಖರ್ಚಿಲ್ಲ. ಮನೆಮನೆಯಿಂದ ಕಡ್ಡಿಗಳು ಬಂದವು. ಒಂದೊಂದು ಅಡಿಗೆ ಒಂದರಂತೆ ದಾರಿಯ ಎರಡೂ ಬದಿಗೆ ನೆಟ್ಟಾಗ 160 ಕಡ್ಡಿಗಳು ಹಿಡಿದವು. ಜುಲೈ ಕೊನೆಯ ಹೊತ್ತಿಗೆ ಎಲ್ಲ ಕಡ್ಡಿಗಳಲ್ಲೂ ಕಡು ಹಸಿರು ಎಲೆ ತುಂಬಿ, ನಕ್ಷೆಯಲ್ಲಿ ಬರೆದ ಬೇಲಿ ನೆಲದ ಮೇಲೆ ಕಾಣತೊಡಗಿತ್ತು.

ಕಕ್ಕಡ 18ರ ಬೆಳಿಗ್ಗೆ ಏಳು ಗಂಟೆಗೆ ನಾನು ಅಂಗಡಿಯ ಬಾಗಿಲು ತೆಗೆದಾಗ ಬೇಲಿಯಲ್ಲಿ ಒಂದು ಎಲೆಯೂ ಉಳಿದಿರಲಿಲ್ಲ. ಎರಡು ತಿಂಗಳ ಎಳೆಯ ಗಿಡಗಳನ್ನು ಕೆಲವರು ಬುಡಕ್ಕೇ ಚಿವುಟಿದ್ದರು, ಸುಮಾರು 40 ಗಿಡಗಳು ಬೇರು ಸಹಿತ ಹೋಗಿದ್ದವು. ನನಗೆ ಸಿಟ್ಟು ಬಂದು ಸಮಿತಿಯ ಸಭೆ ಕರೆಯಲು ಹೊರಟಿದ್ದೆ. ಹತ್ತು ಗಂಟೆಗೆ ಬೇಕರಿಯ ಅಕ್ಕ ಒಂದು ಲೋಟ ಪಾಯಸ ತಂದು ಮೇಜಿನ ಮೇಲಿಟ್ಟು, ಸೊಪ್ಪು ಎಲ್ಲಿಯದೆಂದು ನಾನು ಕೇಳುವ ಮುನ್ನವೇ ಹಿಂತಿರುಗಿದರು. ಸಂಜೆ ನನ್ನಿಂದಲೇ ಒಂದು ಹಾಳೆ ಮುದ್ರಿಸಿಕೊಂಡು, ಲ್ಯಾಮಿನೇಷನ್ ಮಾಡಿಸಿ, ದಾರಿಯ ಬದಿಯ ಗೂಟಕ್ಕೆ ಕಟ್ಟಿದರು: "ಕೊಯ್ಯುವವರು ಬುಡದಲ್ಲಿ ಎರಡು ಗೆಣ್ಣು ಬಿಟ್ಟು ಕೊಯ್ಯಿರಿ. ಕಿತ್ತವರು ಎರಡು ಕಡ್ಡಿ ತಂದು ನೆಡಿ." ಲ್ಯಾಮಿನೇಷನ್‌ಗೆ ಹಣ ಕೊಡಲು ಮರೆತರು, ನಾನೂ ಕೇಳಲಿಲ್ಲ. ಸೆಪ್ಟೆಂಬರಿನಲ್ಲಿ ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೊದ್ ಕಳೆದ ವಾರ ಎಣಿಸಿದಾಗ ಬೇಲಿಯಲ್ಲಿ ಗಿಡಗಳು 171 ಇದ್ದವು.